ಹದಿನೇಳು ಲೋಟ ನೋನಿ ರಸ

ನನ್ನ ಗಂಡ ಮಾರಾನ ಗಂಟಲಿನ ಗಡ್ಡೆಗೆ ಮೂವತ್ತೈದು ದಿನ ವಿಕಿರಣ ಕೊಡಬೇಕೆಂದು ಆಕ್ಲೆಂಡಿನ ಆಸ್ಪತ್ರೆಯವರು ಹೇಳಿದಾಗ ನಮ್ಮ ಚರ್ಚಿನ ಹೆಂಗಸರು ಸುಮ್ಮನೆ ಕೂರಲಿಲ್ಲ. ನಾವು ಪೆಸಿಫಿಕ್ ಸಾಗರದ ಮಂಗಾಯಾ ದ್ವೀಪದವರು; ಕಾಯಿಲೆ ಎಂದರೆ ನಮಗೆ ನೋನಿ ರಸ. ಹಣ್ಣನ್ನು ಜಾಡಿಯಲ್ಲಿ ತುಂಬಿ ಎರಡು ತಿಂಗಳು ಬಿಸಿಲಿಗಿಟ್ಟು ಇಳಿಸಿದ ಕಪ್ಪು ರಸ. ಮುಚ್ಚಳ ತೆಗೆದರೆ ಮನೆಯೆಲ್ಲ ನಾತ. ಆರು ಬಾಟಲಿ ಬಂದವು. ಚಿಕಿತ್ಸೆ ಶುರುವಾದಂದಿನಿಂದ ದಿನಾ ಬೆಳಿಗ್ಗೆ ಒಂದು ಲೋಟ ತುಂಬಿ ಅವನ ಕೈಗಿತ್ತು ನಾನು ಸ್ನಾನಕ್ಕೆ ಹೋಗುತ್ತಿದ್ದೆ.

ಹದಿನೇಳನೆಯ ದಿನ, ಅವನು ಒಳಗೆ ಯಂತ್ರದ ಕೆಳಗೆ ಮಲಗಿದ್ದಾಗ, ಆಸ್ಪತ್ರೆಯವರು ಮೊದಲ ದಿನವೇ ಕೊಟ್ಟಿದ್ದ ಪುಸ್ತಿಕೆಯನ್ನು ಚೀಲದಿಂದ ತೆಗೆದೆ. ನಾನು ಓದು ಕಲಿತದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಈಗಲೂ ಬೆರಳಿಟ್ಟೇ ಓದುವುದು. ಒಂಬತ್ತನೆಯ ಪುಟದಲ್ಲಿ ಬೆರಳು ನಿಂತುಬಿಟ್ಟಿತು. ಚಿಕಿತ್ಸೆ ಮುಗಿಯುವವರೆಗೆ ವಿಟಮಿನ್ ಮಾತ್ರೆ, ನೋನಿಯಂಥ ರಸ ಬೇಡ ಎಂದಿತ್ತು.

ಯಾಕೆ ಬೇಡವೆಂದು ನನಗೆ ಗೊತ್ತಿತ್ತು, ಸಂಕಟವಾದದ್ದೇ ಅದರಿಂದ. ರಾತ್ರಿ ಶಾಲೆಯಲ್ಲಿ ಜೀವಕೋಶದ ಚಿತ್ರ ಬಿಡಿಸಿದ್ದೆ. ಅದರೊಳಗೆ ಮೈಟೊಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಒಲೆಗಳು. ವಿಕಿರಣ ಬಡಿದರೆ ಆ ಒಲೆಗಳು ಕೆಟ್ಟು ವಿಷದ ಹೊಗೆ ಕಾರುತ್ತವೆ; ಗಡ್ಡೆಯ ಕೋಶ ಆ ಹೊಗೆಗೂ ಸಿಕ್ಕಿ ಸಾಯುತ್ತದೆ. ನೋನಿಯ ಗುಣವೆಂದರೆ ಹೊಗೆಯನ್ನು ಹೀರಿಕೊಳ್ಳುವುದು. ಹಾಗಾದರೆ ಇಷ್ಟು ದಿನ ನಾನು ಕಾಪಾಡಿದ್ದು ಗಂಡನನ್ನೋ, ಗಡ್ಡೆಯನ್ನೋ?

ಮಾರಾ ಹೊರಬಂದ ಮೇಲೆ ಇಬ್ಬರೂ ಡಾಕ್ಟರ್ ಲಿಯೋನಾ ಎದುರು ಕೂತೆವು. ನಾನು ಎಲ್ಲವನ್ನೂ ಹೇಳಿಬಿಟ್ಟೆ.

"ದಿನಾ ಎಷ್ಟು ಕೊಡ್ತಿದ್ರಮ್ಮಾ?"

"ಲೋಟದ ತುಂಬ."

ಮಾರಾ ಕೆಮ್ಮಿದ. "ಕೊಡ್ತಿದ್ಳು, ನಿಜ ಡಾಕ್ಟ್ರೇ. ಕುಡೀತಿದ್ದೆ ಅಂತ ನಾನ್ಯಾವತ್ತು ಹೇಳ್ದೆ?"

"ಹಾಗಂದ್ರೆ?" ಎಂದೆ.

"ಮೊದ್ಲೆರಡು ದಿನ ಕುಡ್ದೆ ಕಣೇ. ಗಂಟ್ಲು ಉರಿದುಹೋಯ್ತು. ಆಮೇಲೆ ನೀನು ಸ್ನಾನಕ್ಕೆ ಹೋಗೋದು, ನಾನು ಸಿಂಕಿಗೆ ಸುರಿಯೋದು."

"ಹದಿನೈದು ಲೋಟ! ಪಾದ್ರಿ ಹೆಂಡ್ತಿ ಕೈಯಾರೆ ಮಾಡಿದ್ದು, ಮುದುಕಾ!"

"ಅವಳ ಕಿವಿಗೆ ಹಾಕ್ಬೇಡ ಮಾರಾಯ್ತಿ. ಭಾನುವಾರ ಚರ್ಚಿಂದ ಜೀವಸಹಿತ ವಾಪಸ್ ಬರ್ಬೇಕು ನಾನು."

ಡಾಕ್ಟರ್ ನಗು ತಡೆದುಕೊಂಡರು. "ಎರಡು ಲೋಟಕ್ಕೆ ಹೆದರ್ಬೇಡಿ ಅಮ್ಮಾ. ರಸ ಎಷ್ಟು ಅಡ್ಡ ಬರುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ; ಅದಕ್ಕೇ ಬೇಡ ಅನ್ನೋದು. ಇಲ್ನೋಡಿ, ಗಡ್ಡೆ ಕುಗ್ತಾ ಇದೆ." ಪರದೆಯ ಮೇಲೆ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡನೆಯದು ಚಿಕ್ಕದಿತ್ತು, ನನಗೂ ಕಂಡಿತು.

ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮದುವೆಯಾಗಿ ನಲವತ್ತೊಂದು ವರ್ಷ. ಅವನು ನನ್ನ ಮಾತು ಕೇಳಲಿಲ್ಲವೆಂದು ದೇವರಿಗೆ ಕೈಮುಗಿದದ್ದು ಅದೇ ಮೊದಲು.

"ಅಳ್ತಿದೀಯೋ, ನಗ್ತಿದೀಯೋ?" ಎಂದ ಮಾರಾ.

"ಸುಮ್ನೆ ಕೂತ್ಕೋ" ಎಂದೆ. ಪಕ್ಕದಲ್ಲಿ ಕೂತ.