ಆಯಿಶಾ ನಡೆಯದ ಐದು ವಾರ

ಅರಂತೋಡಿನ ಆಟೋ ಸ್ಟ್ಯಾಂಡಿನಲ್ಲಿ ಹೈದರನ ಆಟೋ ಹತ್ತುವವರಿಗೆಲ್ಲ ಒಂದು ವಿಷಯ ಗೊತ್ತಿತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಹಿಂದಿನ ಸೀಟಿನ ಎಡಮೂಲೆ ಯಾರಿಗೂ ಸಿಗುವುದಿಲ್ಲ. ಅಲ್ಲಿ ಅವನ ಮಗಳು ಆಯಿಶಾ ಕೂತಿರುತ್ತಾಳೆ. ಹನ್ನೆರಡು ವರ್ಷದ ಹುಡುಗಿ. ಯಾರ ಮುಖವನ್ನೂ ನೋಡುವುದಿಲ್ಲ, ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ. ಆದರೆ ಆಟೋ ಸುಳ್ಯದ ಕಡೆ ಹೊರಟರೆ, ತಿರುವು ಬರುವ ಮೊದಲೇ ಹಳೇ ಬಸ್ಸಿನ ಕಂಡಕ್ಟರನ ಹಾಗೆ "ಪೆರಾಜೆ, ಪೆರಾಜೆ" ಎನ್ನುತ್ತಾಳೆ. ಕಣ್ಣು ಮುಚ್ಚಿ ಕೂತರೂ ಜಾಗ ತಪ್ಪಿಸಿದವಳಲ್ಲ. ಹೊಸಬರು ಯಾರಾದರೂ ತಿರುಗಿ ನೋಡಿದರೆ ಹೈದರ್ ಕನ್ನಡಿಯಲ್ಲಿ ಅವರನ್ನು ನೋಡಿ, "ನನ್ನ ಮಗಳು" ಎಂದಷ್ಟೇ ಹೇಳುತ್ತಿದ್ದ. ಆ ಎರಡು ಮಾತನ್ನು ಅವನು ಹೇಳುವ ರೀತಿಗೆ ಮುಂದಿನ ಪ್ರಶ್ನೆ ಕೇಳುವ ಧೈರ್ಯ ಹೆಚ್ಚಿನವರಿಗೆ ಬರುತ್ತಿರಲಿಲ್ಲ.

ಆಯಿಶಾಳಿಗೆ ಆಟಿಸಂ ಇದೆ ಎಂದು ನಾಲ್ಕನೇ ವರ್ಷದಲ್ಲಿ ಮಂಗಳೂರಿನಲ್ಲಿ ಹೇಳಿದ್ದರು. ಮದುವೆಯಾಗಿ ಹದಿನೇಳು ವರ್ಷ ಕಳೆದ ಮೇಲೆ, ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ ಒಬ್ಬಳೇ ಮಗಳು. ಆಗ ಹೈದರನ ಹೆಂಡತಿ ಝುಬೈದಾಳಿಗೆ ಮೂವತ್ತೊಂಬತ್ತು. ಕಡಬದಲ್ಲಿರುವ ಹೈದರನ ಅಕ್ಕ ಪಾತುಮ್ಮ ಬಂದಾಗಲೆಲ್ಲ, "ಆ ಪ್ರಾಯದಲ್ಲಿ ಹೆತ್ತರೆ ಹೀಗೇ ಆಗುದು" ಎಂದು ಒಂದು ಸಲವಾದರೂ ಹೇಳದೆ ಹೋದದ್ದಿಲ್ಲ. ಝುಬೈದಾ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು, ತೊಳೆದದ್ದನ್ನೇ ಮತ್ತೊಮ್ಮೆ.

ಹೋದ ವರ್ಷ ಅಕ್ಟೋಬರಿನಲ್ಲಿ ಆಯಿಶಾ ನಡೆಯುವುದನ್ನು ನಿಲ್ಲಿಸಿದಳು.

ಒಮ್ಮೆಲೇ ಅಲ್ಲ. ಮೊದಲು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ಮತ್ತೆ ಶಾಲೆಯಿಂದ ಬಂದವಳು ಚಾಪೆಯ ಮೇಲೆ ಬಿದ್ದುಕೊಂಡರೆ ಊಟಕ್ಕೂ ಏಳಲಿಲ್ಲ. ತಟ್ಟಿ ಎಬ್ಬಿಸಲು ಹೋದರೆ ತನ್ನ ಕೈಯನ್ನೇ ಕಚ್ಚಿಕೊಂಡಳು. ಒಂದು ಸೋಮವಾರ ಬೆಳಿಗ್ಗೆ ಝುಬೈದಾ ಅವಳನ್ನು ನಿಲ್ಲಿಸಿದಾಗ ಹುಡುಗಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಆಮೇಲೆ ಅವಳು ಕಾಲನ್ನು ನೆಲಕ್ಕೆ ಊರಲೇ ಇಲ್ಲ. ಎರಡೂ ಮೊಣಕಾಲು ಮಡಚಿ, ಕಪ್ಪೆಯ ಹಾಗೆ ಹೊರಕ್ಕೆ ಚಾಚಿ ಮಲಗಿರುತ್ತಿದ್ದಳು.

ಮೊದಲು ಕಂಡ ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿ, "ಮೂಳೆ ಸರಿ ಉಂಟು, ಇಂಥ ಮಕ್ಕಳು ಕೆಲವೊಮ್ಮೆ ಹೀಗೆ ಹಠ ಮಾಡ್ತಾರೆ" ಎಂದರು. ಎರಡನೆಯವರು ಚೀಟಿಯಲ್ಲಿ ಆಟಿಸಂ ಎಂಬುದನ್ನು ಓದಿದ ಮೇಲೆ ಮಗುವನ್ನು ಮುಟ್ಟಿಯೂ ನೋಡದೆ ನಿದ್ದೆಯ ಸಿರಪ್ ಬರೆದರು. ಮೂರನೇ ಕಡೆ ವ್ಯಾಯಾಮ ಮಾಡಿಸಲು ಹೇಳಿದರು. ಅಲ್ಲಿ ಇಬ್ಬರು ಸೇರಿ ಅವಳ ಕಾಲನ್ನು ನೇರ ಮಾಡಲು ಹೊರಟಾಗ ಆಯಿಶಾ ಉಸಿರು ಕಟ್ಟಿ ನೀಲಿಯಾದಳು. ಹೈದರ್ ಅವರ ಕೈ ಬಿಡಿಸಿ, ಮಗಳನ್ನು ಎತ್ತಿಕೊಂಡು ಹೊರಗೆ ಬಂದ. ಐವತ್ತೇಳರ ಪ್ರಾಯದಲ್ಲಿ ಹನ್ನೆರಡರ ಮಗಳನ್ನು ಎತ್ತುವುದು ಕಷ್ಟವಾಗಬೇಕಿತ್ತು. ಆಗಲಿಲ್ಲ. ಅವಳು ಹಗುರವಾಗಿದ್ದಳು. ಅದು ಅವನನ್ನು ಇನ್ನೂ ಹೆದರಿಸಿತು.

"ಎಲ್ಲರೂ ಹಠ ಅಂತಾರೆ" ಎಂದಳು ಝುಬೈದಾ, ಆಟೋದಲ್ಲಿ. "ಹಠವೇ ಇರಬಹುದಾ?"

ಹೈದರ್ ಆಟೋವನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಮತ್ತೆ ಹೇಳಿದ: "ಅವಳ ಹಠ ನನಗೆ ಗೊತ್ತುಂಟು. ಶನಿವಾರ ಎರಡು ಗಂಟೆಗೆ ಆಟೋ ಹತ್ತುದು ಅವಳ ಹಠ. ಜ್ವರ ಇದ್ದಾಗಲೂ ಬಿಟ್ಟವಳಲ್ಲ. ಈಗ ಮೂರು ಶನಿವಾರ ಆಯ್ತು, ಆಟೋದ ಸದ್ದು ಕೇಳಿ ಅಳ್ತಾಳೆ, ಎದ್ದು ಬರುದಿಲ್ಲ. ಹಠ ಆದರೆ ಅವಳು ತೆವಳಿಕೊಂಡಾದ್ರೂ ಬರ್ತಿದ್ದಳು. ಇದು ಬೇರೆ ಎಂತದೋ."

ಅದನ್ನು ಹೇಳಿದ ಮೇಲೆ ಅವನಿಗೇ ಅದು ಖಾತ್ರಿಯಾಯಿತು.

ಪುತ್ತೂರಿನ ತರಬೇತಿ ಕೇಂದ್ರದಲ್ಲಿ ವಾರಕ್ಕೊಮ್ಮೆ ಆಯಿಶಾಳಿಗೆ ಪಾಠ ಮಾಡುತ್ತಿದ್ದ ಮೋಕ್ಷಿತಾ ಟೀಚರಿಗೆ ಅವನು ಅಂದೇ ಫೋನು ಮಾಡಿದ. ಮರುದಿನ ಭಾನುವಾರ, ಮೋಕ್ಷಿತಾ ಬಸ್ಸು ಹತ್ತಿ ಮನೆಗೇ ಬಂದಳು. ಚಾಪೆಯ ಪಕ್ಕ ಕೂತು ಚಿತ್ರಗಳ ಪುಸ್ತಕ ತೆರೆದಳು. ನೀರು, ಊಟ, ಶೌಚಾಲಯ, ಆಟೋ: ಇವನ್ನೆಲ್ಲ ಆಯಿಶಾ ಬೆರಳಿಟ್ಟು ತೋರಿಸುತ್ತಿದ್ದಳು. ನೋವು ಎಂಬ ಚಿತ್ರವನ್ನು ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಟೀಚರು ಆ ಚಿತ್ರವನ್ನೂ, ಒಂದು ಮನುಷ್ಯನ ಆಕಾರವನ್ನೂ ಪಕ್ಕಪಕ್ಕ ಇಟ್ಟು ಸುಮ್ಮನೆ ಕಾದಳು. ಕೇಳಲಿಲ್ಲ, ಒತ್ತಾಯಿಸಲಿಲ್ಲ. ಅರ್ಧ ಗಂಟೆ ಕಳೆದಿರಬೇಕು. ಆಯಿಶಾ ಕೈ ಚಾಚಿ ನೋವಿನ ಚಿತ್ರ ಮುಟ್ಟಿದಳು. ಆಮೇಲೆ ಆ ಆಕಾರದ ಎರಡು ಮೊಣಕಾಲುಗಳ ಮೇಲೆ ಒಂದೊಂದಾಗಿ ಉಗುರು ಊರಿದಳು. ಕಾಗದ ಹರಿಯುವಷ್ಟು ಊರಿದಳು.

ಝುಬೈದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೈದರ್ ಆ ಹರಿದ ಕಾಗದವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಹನ್ನೆರಡು ವರ್ಷದಲ್ಲಿ ಮಗಳು ತನ್ನ ಮೈಯ ವಿಷಯ ಹೇಳಿದ್ದು ಅದೇ ಮೊದಲು.

"ಇಂಥ ಮಕ್ಕಳಿಗೆ ಬೇರೆ ಕಾಯಿಲೆಯೂ ಬರ್ತದೆ ಹೈದರಾಕ" ಎಂದಳು ಮೋಕ್ಷಿತಾ. "ಅಪಸ್ಮಾರ ಬರಬಹುದು, ಹೊಟ್ಟೆಯದ್ದು, ಹಲ್ಲಿನದ್ದು, ನಿದ್ದೆಯದ್ದು. ಬಾಯಿಬಿಟ್ಟು ಹೇಳ್ಲಿಕ್ಕೆ ಆಗುದಿಲ್ಲ ಅಲ್ವಾ, ಅದಕ್ಕೆ ಎಲ್ಲವನ್ನೂ ಆಟಿಸಂ ಅಂತಲೇ ತಳ್ಳಿ ಬಿಡ್ತಾರೆ. ಪುತ್ತೂರಿನಲ್ಲಿ ಮಕ್ಕಳ ಡಾಕ್ಟ್ರು ಮಹಾಗಣಪತಿ ಅಂತ ಇದ್ದಾರೆ. ಈ ಕಾಗದ ತಗೊಂಡು ಅವರ ಹತ್ರ ಹೋಗಿ."

ಮಹಾಗಣಪತಿ ಡಾಕ್ಟರು ನಿಧಾನದ ಮನುಷ್ಯ. ಫ್ಯಾನಿನ ಸದ್ದು ಆಯಿಶಾಳಿಗೆ ಹಿಡಿಸುತ್ತಿಲ್ಲ ಎಂದು ಕಂಡೊಡನೆ ಅದನ್ನು ನಿಲ್ಲಿಸಿದರು. ಹರಿದ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಮೊದಲಿನಿಂದ ಕೇಳುತ್ತ ಹೋದರು.

"ಇವಳು ಹುಟ್ಟುವಾಗ ನಿಮಗೆ ಎಷ್ಟು ಪ್ರಾಯ?"

"ಮೂವತ್ತೊಂಬತ್ತು" ಎಂದಳು ಝುಬೈದಾ, ತಲೆ ತಗ್ಗಿಸಿ.

"ನಿಮಗೆ?"

ಹೈದರನಿಗೆ ತನ್ನನ್ನು ಕೇಳಿದ್ದು ಎಂದು ತಕ್ಷಣ ಹೊಳೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಅವನನ್ನು ಯಾರೂ ಅದನ್ನು ಕೇಳಿರಲಿಲ್ಲ. "ನಲವತ್ತೈದು. ನನ್ನ ಪ್ರಾಯ ಎಂತಕ್ಕೆ ಡಾಕ್ಟ್ರೆ?"

"ತಾಯಿಯದ್ದು ಕೇಳಿದ ಮೇಲೆ ತಂದೆಯದ್ದೂ ಕೇಳ್ಬೇಕಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಯಾರ ಪ್ರಾಯ ಹೆಚ್ಚಾದ್ರೂ ಮಗುವಿಗೆ ಆಟಿಸಂ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು ಅಂತ ಕಂಡಿದ್ದಾರೆ. ತಿಂಗಳು ತುಂಬದೆ ಹುಟ್ಟಿದ್ರೂ ಹಾಗೆ. ವಂಶದಿಂದ ಬರುದು ಅದಕ್ಕಿಂತ ದೊಡ್ಡ ಕಾರಣ. ಆದ್ರೆ ಇವಳಿಗೆ ಇದರಿಂದಲೇ ಬಂತು ಅಂತ ಹೇಳ್ಲಿಕ್ಕೆ ಯಾರಿಂದಲೂ ಆಗುದಿಲ್ಲ. ಅದೇ ಪ್ರಾಯದಲ್ಲಿ ಹೆತ್ತವರ ಹೆಚ್ಚಿನ ಮಕ್ಕಳಿಗೆ ಎಂತದೂ ಇರುದಿಲ್ಲ. ಇವರು ಎಂತದೋ ತಿಂದು, ಎಂತದೋ ತಪ್ಪು ಮಾಡಿ ಆದದ್ದಲ್ಲ ಇದು."

ಝುಬೈದಾ ತಲೆಯೆತ್ತಿ ಡಾಕ್ಟರ ಮುಖ ನೋಡಿದಳು. ಆಮೇಲೆ ಗಂಡನ ಮುಖ.

ಡಾಕ್ಟರು ಕೆಳಗೆ ಕೂತು, ಮುಟ್ಟುವ ಮೊದಲು ಪ್ರತಿ ಸಲವೂ "ಈಗ ಕಾಲು ಮುಟ್ಟುತ್ತೇನೆ" ಎಂದು ಹೇಳಿ ಮುಟ್ಟಿದರು. ಮೊಣಕಾಲಿನ ಕೆಳಗೆ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳಿದ್ದವು. ಅಲ್ಲಲ್ಲಿ ನೀಲಿಗಟ್ಟಿತ್ತು. ಬಾಯಿ ತೆರೆಸಿದರು. ವಸಡು ಬಾತು ನೇರಳೆ ಬಣ್ಣಕ್ಕೆ ತಿರುಗಿತ್ತು.

"ಹಲ್ಲುಜ್ಜುವಾಗ ರಕ್ತ ಬರ್ತದಾ?"

"ಎರಡು ತಿಂಗಳಿಂದ ಬರ್ತದೆ" ಎಂದಳು ಝುಬೈದಾ. "ಬ್ರಷ್ ಗಟ್ಟಿ ಆಯ್ತೇನೋ ಅಂತ ಬದಲಿಸಿದೆ."

"ಎಂತ ತಿಂತಾಳೆ ಇವಳು?"

ಬಿಳಿ ಅನ್ನ, ಹಪ್ಪಳ, ಚಹಾದಲ್ಲಿ ಅದ್ದಿದ ಮಾರಿ ಬಿಸ್ಕೆಟು. ಅಷ್ಟೇ. ಸಾರು ಅನ್ನಕ್ಕೆ ತಾಗಿದರೂ ತಟ್ಟೆ ದೂಡುತ್ತಾಳೆ. ಹಣ್ಣು, ತರಕಾರಿ ಮೂರನೇ ವರ್ಷದಿಂದ ಮುಟ್ಟಿಲ್ಲ.

"ಮೂರನೇ ವರ್ಷದಿಂದ?" ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಇಷ್ಟು ವರ್ಷ ನಡೆದಾಡಿದ್ದು ಹೇಗೆ? ಎಲ್ಲಿಂದಲೋ ಒಂದು ಚೂರು ಹುಳಿ ಒಳಗೆ ಹೋಗ್ತಾ ಇದ್ದಿರಬೇಕು. ಯೋಚನೆ ಮಾಡಿ ಹೇಳಿ. ತಿಂತಾ ಇದ್ದು ಬಿಟ್ಟದ್ದು ಎಂತದಾದ್ರೂ ಉಂಟಾ? ಕುಡಿತಾ ಇದ್ದದ್ದು?"

ಝುಬೈದಾ ಇಲ್ಲವೆಂದಳು. ಹೈದರ್ ಕಣ್ಣು ಮುಚ್ಚಿ ಮಗಳ ದಿನವನ್ನು ಬೆಳಗಿನಿಂದ ಒಂದೊಂದೇ ಗಂಟೆಯಾಗಿ ನೆನೆದ. ಶಾಲೆಯಿಂದ ಬರುವ ನಾಲ್ಕು ಗಂಟೆಗೆ ಬಂದಾಗ ನಿಂತ.

"ಶರಬತ್ತು" ಎಂದ. "ಲಿಂಬೆ ಶರಬತ್ತು. ಸ್ಟ್ಯಾಂಡಿನ ಹತ್ತಿರ ಚನಿಯಪ್ಪಣ್ಣನ ಅಂಗಡಿ ಇತ್ತು. ದಿನಾ ನಾಲ್ಕು ಗಂಟೆಗೆ ಅಲ್ಲಿ ಒಂದು ಗ್ಲಾಸ್. ಅವರಿಗೆ ಸೌಖ್ಯ ಇಲ್ಲದೆ, ಕಳೆದ ಜನವರಿಯಲ್ಲಿ ಅಂಗಡಿ ಮುಚ್ಚಿದ್ರು. ಬೇರೆ ಅಂಗಡಿಯದ್ದು ಇವಳು ಕುಡಿಲಿಲ್ಲ. ಮನೆಯಲ್ಲಿ ಮಾಡಿದ್ರೆ ಚೆಲ್ಲಿದಳು. ಶರಬತ್ತು ತಾನೆ, ಬಿಟ್ಟರೆ ಬಿಡಲಿ ಅಂತ ಸುಮ್ಮನಾದೆವು."

ಡಾಕ್ಟರು ಎದ್ದು ನಿಂತರು. "ನೀವು ಆಟೋ ಬಿಡುದಾ?" ಎಂದು ಕೇಳಿದರು.

"ಹೌದು."

"ನನ್ನ ಅರ್ಧ ಕೆಲಸ ನೀವು ಮಾಡಿದ್ರಿ ಮಾರಾಯ್ರೆ."

ಅದು ಸ್ಕರ್ವಿ ಎಂಬ ಕಾಯಿಲೆ, ಲಿಂಬೆಯಂಥ ಹುಳಿಯಲ್ಲಿರುವ ಸಿ ವಿಟಮಿನ್ ಪೂರ್ತಿ ಇಲ್ಲದಾದಾಗ ಬರುವುದು ಎಂದು ಅವರು ವಿವರಿಸಿದರು. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಹೋಗುವವರನ್ನು ಕೊಲ್ಲುತ್ತಿದ್ದ ಕಾಯಿಲೆ. ಮೂಳೆಯ ಪೊರೆಯೊಳಗೇ ರಕ್ತ ಜಿನುಗುತ್ತದೆ, ನಿಂತರೆ ಪ್ರಾಣ ಹೋಗುವ ನೋವು. ಈಗ ಅಪರೂಪ, ಆದರೆ ಎರಡೋ ಮೂರೋ ಬಗೆ ಮಾತ್ರ ತಿನ್ನುವ ಇಂಥ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊಣಕಾಲಿನ ಎಕ್ಸ್‌ರೇಯಲ್ಲಿ ಅದರ ಗುರುತು ಅಂದೇ ಸಿಕ್ಕಿತು. ರಕ್ತದ ವರದಿ ಬರುವ ತನಕ ಕಾಯದೆ ಔಷಧ ಶುರು ಮಾಡಿದರು. ಮೊದಲ ನಾಲ್ಕು ದಿನ ಆಸ್ಪತ್ರೆಯಲ್ಲಿ ಸೂಜಿ. ಆಮೇಲೆ ಮನೆಯಲ್ಲಿ ಹನಿ ಔಷಧ, ಹೇಗಾದರೂ ಮಾಡಿ ಬಾಯಿಗೆ ಹೋಗಬೇಕು.

ಆ ಹೇಗಾದರೂ ಎಂಬುದಕ್ಕೆ ದಾರಿ ಹುಡುಕಿ ಹೈದರ್ ಚನಿಯಪ್ಪನ ಮನೆಯಿರುವ ಆಲೆಟ್ಟಿಗೆ ಆಟೋ ಬಿಟ್ಟ. ಚನಿಯಪ್ಪನಿಗೆ ಎಪ್ಪತ್ತು ದಾಟಿತ್ತು. ಜಗಲಿಯಲ್ಲಿ ಕೂತು ವಿಷಯವೆಲ್ಲ ಕೇಳಿದ ಮುದುಕ ಒಳಕ್ಕೆ ತಿರುಗಿ, "ದುಗ್ಗಮ್ಮ, ಅಂಗಡಿಯ ಗ್ಲಾಸುಗಳನ್ನು ಎಲ್ಲಿಟ್ಟಿದ್ದಿ?" ಎಂದು ಕೇಳಿದ. ಅವನ ಹೆಂಡತಿ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ದಪ್ಪ ಗಾಜಿನ, ಗೆರೆಗೆರೆಯ ಗ್ಲಾಸುಗಳು. ಒಂದನ್ನು ಕೊಟ್ಟು ಕಳಿಸಬಹುದಿತ್ತು. ಚನಿಯಪ್ಪ ಅಂಗಿ ಹಾಕಿಕೊಂಡು ಬಂದ.

"ಗ್ಲಾಸ್ ಮಾತ್ರ ಕೊಂಡೋದರೆ ಸಾಲದು ಹೈದರ್. ಕೈಯೂ ಬೇಕಾಗ್ತದೆ."

ಎಂಟು ದಿನ, ದಿನಾ ನಾಲ್ಕು ಗಂಟೆಗೆ ಆ ಮುದುಕ ಹೈದರನ ಮನೆಯ ಜಗಲಿಯಲ್ಲಿ ನಿಂತು ಶರಬತ್ತು ಕದಡಿದ. ಚಮಚ ಗ್ಲಾಸಿಗೆ ತಾಗುವ ಸದ್ದಿಗೆ ಆಯಿಶಾ ಕತ್ತು ಹೊರಳಿಸಿದಳು. ಮೊದಲ ದಿನ ಮೂಸಿ ಇಟ್ಟಳು. ಎರಡನೇ ದಿನ ಅರ್ಧ ಕುಡಿದಳು. ಮೂರನೇ ದಿನ ಡಾಕ್ಟರು ಕೊಟ್ಟ ಹನಿ ಬೆರೆಸಿದ್ದನ್ನೂ ಪೂರ್ತಿ ಮುಗಿಸಿದಳು.

ಅದೇ ವಾರ ಪಾತುಮ್ಮ ನೋಡಲು ಬಂದಳು. ಆಯಿಶಾ ಆಗಲೇ ಕಾಲನ್ನು ನೇರವಾಗಿ ಚಾಚಿ ಮಲಗತೊಡಗಿದ್ದಳು. ಪಾತುಮ್ಮ ಅವಳ ತಲೆ ಸವರಿ, ನಿಟ್ಟುಸಿರುಬಿಟ್ಟು, "ಎಂತ ಮಾಡುದು, ಆ ಪ್ರಾಯದಲ್ಲಿ ಹೆತ್ತರೆ" ಎಂದು ಶುರು ಮಾಡಿದಳು. ಝುಬೈದಾ ಒಳಗೆ ಹೋಗಲು ಎದ್ದಳು.

"ನೀನು ಕೂತುಕೋ" ಎಂದ ಹೈದರ್ ಹೆಂಡತಿಗೆ. ಆಮೇಲೆ ಅಕ್ಕನ ಕಡೆ ತಿರುಗಿದ. "ಅವಳಿಗೆ ಮೂವತ್ತೊಂಬತ್ತು, ನನಗೆ ನಲವತ್ತೈದು. ಇನ್ನು ಹೇಳುದಾದ್ರೆ ಮೊದಲು ನನ್ನ ಪ್ರಾಯ ಹೇಳು. ಡಾಕ್ಟ್ರು ನನ್ನದೂ ಬರ್ಕೊಂಡಿದ್ದಾರೆ."

ಪಾತುಮ್ಮ ಮತ್ತೆ ಆಯಿಶಾಳ ತಲೆ ಸವರಿದಳು. "ಮಗುವಿಗೆ ಗುಣ ಆಗ್ಲಿ, ಅಷ್ಟೇ" ಎಂದಳು. ಹೊರಡುವಾಗ ಝುಬೈದಾಳ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಳು.

ಸೂಜಿ ಶುರುವಾದ ಹನ್ನೊಂದನೇ ದಿನ ಆಯಿಶಾ ಬಾಗಿಲ ದಾರಂದ ಹಿಡಿದು ನಿಂತಳು. ಹದಿಮೂರನೇ ದಿನ ಶನಿವಾರ. ಎರಡು ಗಂಟೆಗೆ ಹೈದರ್ ಆಟೋ ಚಾಲೂ ಮಾಡಿ, ಇಳಿಯದೆ, ಹಿಂದಕ್ಕೆ ನೋಡದೆ ಕಾದ. ಅಂಗಳದಲ್ಲಿ ಚಪ್ಪಲಿಯ ಸದ್ದು ನಿಧಾನವಾಗಿ ಹತ್ತಿರ ಬಂತು, ನಡುವೆ ಒಮ್ಮೆ ನಿಂತಿತು, ಮತ್ತೆ ಬಂತು. ಆಟೋ ಎಡಕ್ಕೆ ತುಸು ವಾಲಿತು. ಕನ್ನಡಿಯಲ್ಲಿ ಮಗಳು ಕಂಡಳು. ಅವಳ ಹಿಂದೆ, ಅಂಗಳದ ನಡುವೆ, ಕೈಯನ್ನು ಎದೆಗಿಟ್ಟುಕೊಂಡು ನಿಂತ ಝುಬೈದಾ ಕಂಡಳು.

ಹೊಸ ವರ್ಷದ ಜನವರಿಯಲ್ಲಿ ಮಹಾಗಣಪತಿ ಡಾಕ್ಟರು ಮತ್ತೆ ಕರೆದಿದ್ದರು. ಅಂದು ಅವರ ಕೋಣೆಯಲ್ಲಿ ಕಲಿಯಲು ಬಂದ ಇಬ್ಬರು ಎಳೆಯ ಡಾಕ್ಟರುಗಳು ಪುಸ್ತಕ ಹಿಡಿದು ನಿಂತಿದ್ದರು. "ಈ ಕಾಯಿಲೆ ಹಿಡಿದುಕೊಟ್ಟದ್ದು ಇವರು" ಎಂದು ಡಾಕ್ಟರು ಹೈದರನನ್ನು ತೋರಿಸಿದರು. "ಇವರಿಂದಲೇ ಕೇಳಿ."

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಹೈದರ್, ಖಾಕಿ ಅಂಗಿಯ ಗುಂಡಿ ಸರಿಮಾಡಿಕೊಂಡು, ಎಲ್ಲವನ್ನೂ ಹೇಳಿದ. ಆ ಇಬ್ಬರೂ ಬರೆದುಕೊಂಡರು. ಕೊನೆಗೆ ಅವನು, "ಒಂದು ಮಾತು ಉಂಟು. ಚೀಟಿಯಲ್ಲಿ ಆಟಿಸಂ ಅಂತ ಕಂಡ ಕೂಡ್ಲೆ ಹಠ ಅಂತ ಬರೀಬೇಡಿ. ಮೊದಲು ಮುಟ್ಟಿ ನೋಡಿ" ಎಂದ.

ಅವರಲ್ಲಿ ಒಬ್ಬಳು ಬರೆಯುವುದನ್ನು ಬಿಟ್ಟು ಆಯಿಶಾಳ ಎದುರು ಮೊಣಕಾಲೂರಿ ಕೂತಳು. "ಕಾಲು ನೋವು ಉಂಟಾ?" ಎಂದು ಕೇಳಿ ಸುಮ್ಮನೆ ಕಾದಳು.

ಆಯಿಶಾ ಗೋಡೆಯನ್ನೇ ನೋಡುತ್ತಿದ್ದಳು. ಝುಬೈದಾ ಚಿತ್ರದ ಪುಸ್ತಕ ತೆಗೆಯಲು ಚೀಲಕ್ಕೆ ಕೈ ಹಾಕಿದಳು. ಹೈದರ್ ಬೇಡವೆಂದು ಕಣ್ಣಿನಲ್ಲೇ ಹೇಳಿದ.

"ಇಲ್ಲ" ಎಂದಳು ಆಯಿಶಾ.

ಅಪರಿಚಿತರ ಪ್ರಶ್ನೆಗೆ ಅವಳು ಬಾಯಿಬಿಟ್ಟು ಉತ್ತರ ಕೊಟ್ಟಿದ್ದು ಅದೇ ಮೊದಲು. ಆ ಎಳೆಯ ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ಅವಳು ಪುಸ್ತಕ ತೆರೆದು, ನೋವು ಇಲ್ಲ ಎಂದು ಬರೆಯತೊಡಗಿದಳು.

"ಯಾರು ಹೇಳಿದ್ದು ಅಂತಲೂ ಬರೀರಿ" ಎಂದ ಹೈದರ್. "ಆಯಿಶಾ. ನನ್ನ ಮಗಳು."