ಎರಡು ನಾಣ್ಯದ ಸಡಿಲ

ಕ್ಲಚ್ ಕೇಬಲ್ಲಿನ ತುದಿ ಕೊಕ್ಕೆಯಿಂದ ಕಳಚಿ ಬರದೆ ನಂಜುಂಡೇಶನ ಹೆಬ್ಬೆರಳನ್ನು ಎರಡನೆಯ ಸಲ ಕಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು, ಕೊಟ್ಟಿಗೆಯ ಗೋಡೆಯ ಪಕ್ಕ ನಿಲ್ಲಿಸಿದ್ದ ಅಣ್ಣನ ಹಳೆಯ ಬೈಕನ್ನು ದುರುಗುಟ್ಟಿ ನೋಡಿದ. ಇಂಜಿನ್ ಬಿಚ್ಚಿ ಪ್ಲೇಟುಗಳನ್ನು ನೋಡಬೇಕಿತ್ತು. ಬಿಚ್ಚುವ ಮೊದಲು ಈ ಕೇಬಲ್ ಬರಬೇಕಿತ್ತು. ಅದು ಬರುತ್ತಿರಲಿಲ್ಲ.

ಅಂಗಳದ ಚಪ್ಪರದಡಿ ಅಣ್ಣ ಗುರುಮಲ್ಲಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ತಲೆ ವಾಲದಂತೆ ಗದ್ದಕ್ಕೆ ಬಿಳಿ ವಸ್ತ್ರ. ಒಂದು ಕಡೆ ಅವನನ್ನು ಕೂರಿಸಿ ಹೊರುವ ವಿಮಾನಕ್ಕೆ ಬಿದಿರು ಕಟ್ಟುತ್ತಿದ್ದರು. ಗುಣಿ ತೋಡಲು ಹೋದವರು ಇನ್ನೂ ಬಂದಿರಲಿಲ್ಲ, ಐನೋರೂ ಬಂದಿರಲಿಲ್ಲ. ಒಡಹುಟ್ಟಿದ ತಮ್ಮ ಮಾತ್ರ ಕೊಟ್ಟಿಗೆಯ ಮಗ್ಗುಲಲ್ಲಿ ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ.

ಹಿಂದಿನ ದಿನ ನಡುಮಧ್ಯಾಹ್ನ, ಕೋಟೆ ರಸ್ತೆಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ಬಳಿಯ ಏರಿನಲ್ಲಿ ಈ ಗಾಡಿ ಮುಂದಕ್ಕೆ ಹೋಗಿರಲಿಲ್ಲ. ಇಂಜಿನ್ ಅರಚುತ್ತಿತ್ತಂತೆ, ಚಕ್ರಕ್ಕೆ ಕಸುವೇ ಇರಲಿಲ್ಲವಂತೆ. ಗುರುಮಲ್ಲಪ್ಪ ಇಳಿದು, ಹಿಂದೆ ಕಟ್ಟಿದ್ದ, ಹೋರಿಯ ವೀರ್ಯ ಇಡುವ ನೈಟ್ರೋಜನ್ ಕ್ಯಾನಿನ ಸಮೇತ ತಳ್ಳಿಕೊಂಡು ಹತ್ತಿದ್ದ. ಏರು ಮುಗಿದ ಕಡೆ ಕಲ್ಲಿನ ಮೇಲೆ ಕೂತವನು ಏಳಲಿಲ್ಲ. ಹೋದ ತಿಂಗಳಷ್ಟೇ ಆ ಗಾಡಿಗೆ ಹೊಸ ಕ್ಲಚ್ ಪ್ಲೇಟು ಹಾಕಿದ್ದವನು ನಂಜುಂಡೇಶ, ಹುಣಸೂರಿನ ತನ್ನ ಗ್ಯಾರೇಜಿನಲ್ಲಿ.

ಅತ್ತಿಗೆಯ ತಮ್ಮ ವಿರೂಪಾಕ್ಷ ಪಿರಿಯಾಪಟ್ಟಣದಿಂದ ಬಂದವನೇ ಅದನ್ನು ಹಿಡಿದುಕೊಂಡಿದ್ದ.

"ನಮ್ ಭಾವನ ಎದೆ ಚೆನ್ನಾಗೇ ಇತ್ತು ಕಣ್ರಪ್ಪ. ಅವ್ರನ್ನ ತಿಂದಿದ್ದು ಈ ಮೆಕ್ಯಾನಿಕ್ ಸಾಹೇಬ್ರ ರಿಪೇರಿ. ಈಗ ಹೆಗಲು ಕೊಡಕ್ಕೆ ಬೇರೆ ಬಂದವ್ರೆ."

ನಂಜುಂಡೇಶ ಅತ್ತಿಗೆಯ ಕಡೆ ನೋಡಿದ್ದ. ಶಿವರುದ್ರಮ್ಮ ಕಂಬದ ಕಡೆ ಮುಖ ತಿರುಗಿಸಿದ್ದಳು. "ಹೆಗಲು ಕೊಡೋದು ಬ್ಯಾಡ ಅನ್ನು ಅವ್ನಿಗೆ," ಎಂದಷ್ಟೇ ಅಂದಿದ್ದಳು.

"ನನ್ನ ಕೆಲ್ಸದಲ್ಲಿ ತಪ್ಪಿದ್ರೆ ನಾನು ವಿಮಾನ ಮುಟ್ಟಲ್ಲ," ಎಂದಿದ್ದ ನಂಜುಂಡೇಶ. "ಗಾಡಿ ನೋಡಕ್ಕೆ ಬುಡಿ."

"ನೋಡು. ಆದ್ರೆ ಕಡೇಲಿ ಎಲ್ಲರ ಮುಂದೆ ನೋಡೋನು ನಾನು. ಹೆಂಗ್ ನೋಡ್ಬೇಕು, ನೀನೇ ಹೇಳು."

"ಗೇರಿಗೆ ಹಾಕು, ಬ್ರೇಕು ತುಳ್ಕಂಡು ಕ್ಲಚ್ ಬುಡು. ಇಂಜಿನ್ ಠಪ್ ಅಂತ ನಿಂತ್ರೆ ಕ್ಲಚ್ ಕಚ್ತಾ ಅದೆ ಅಂತ. ನಿಲ್ದೆ ಅರಚ್ತಾನೇ ಇದ್ರೆ ಜಾರ್ತಾ ಅದೆ ಅಂತ."

ನಂಜುಂಡೇಶನೇ ಮೊದಲು ಹಾಗೆ ಮಾಡಿ ನೋಡಿದ್ದ. ಇಂಜಿನ್ ನಿಲ್ಲಲಿಲ್ಲ. ಅರಚಿತು. ಸುಟ್ಟ ವಾಸನೆ ಸಾಂಬ್ರಾಣಿ ಹೊಗೆಯೊಳಕ್ಕೆ ನುಗ್ಗಿ, ಹೆಂಗಸರೆಲ್ಲ ತಿರುಗಿ ನೋಡಿದ್ದರು.

"ಏನ್ಲಾ ನಂಜುಂಡ, ಹೆಣ ಮುಂದಿಕ್ಕಂಡು ಗುರ್ ಗುರ್ ಅನ್ನಿಸ್ತೀಯಲ್ಲ," ಎಂದು ಎದ್ದು ಬಂದವಳು ನಾಲ್ಕು ಹಸು ಸಾಕಿಕೊಂಡಿದ್ದ ರಾಚಮ್ಮ. ಬೈಯಲು ಬಂದವಳು ಅವನ ಮುಖ ನೋಡಿ ಅಲ್ಲೇ ಕಲ್ಲಿನ ಮೇಲೆ ಕೂತಳು. ಗುರುಮಲ್ಲಪ್ಪ ಮೂವತ್ತು ವರ್ಷ ಡೈರಿಯ ಪರವಾಗಿ ಊರೂರು ಸುತ್ತಿ ಬೆದೆಗೆ ಬಂದ ಹಸುಗಳಿಗೆ ಗಬ್ಬ ಕಟ್ಟಿಸಿದವನು. ಸುತ್ತಲ ಹಳ್ಳಿಗಳಲ್ಲಿ ಅವನ ಹೆಸರೇ ಸೂಜಿ ಮಲ್ಲಪ್ಪ.

"ನನ್ ಕೊಟ್ಟಿಗೇಲಿರೋ ಕರುಗಳೆಲ್ಲ ನಿಮ್ಮಣ್ಣಂದೇ ಕಣಪ್ಪ," ಎಂದಳು. ತಾನು ಅಂದದ್ದು ಕಿವಿಗೆ ಬಿದ್ದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. "ಹಸಾ ಒಳೀಕೆ ಎಡಗೈ ಹಾಕಿ, ಕಣ್ಣು ಮುಚ್ಕಂಡು, ದೇವ್ರ ಹುಡುಕೋನಂಗೆ ನಿಂತಿರೋನು. ಈಚೀಚೆಗೆ ಬಲಗೈ ಹಾಕೋನು. ಯಾಕಪ್ಪಾ ಅಂದ್ರೆ, ಎಡಗೈಗೆ ರಜ ಕೊಟ್ಟಿವ್ನಿ ರಾಚಕ್ಕ, ಅನ್ನೋನು."

ನಂಜುಂಡೇಶನಿಗೆ ಆ ಮಾತು ಕೇಳಿಸಿತು, ಮನಸ್ಸಿಗೆ ಹೋಗಲಿಲ್ಲ. ಪ್ಲೇಟು ಕೆಟ್ಟದ್ದೇ, ಸ್ಪ್ರಿಂಗ್ ಸೋತದ್ದೇ, ತಾನು ಆತುರದಲ್ಲಿ ಏನಾದರೂ ಉಲ್ಟಾ ಕೂರಿಸಿದ್ದೆನೇ ಎಂದು ತಲೆ ಅದನ್ನೇ ಅರೆಯುತ್ತಿತ್ತು.

*

ಹೋದ ತಿಂಗಳು ಕೆಲಸ ಮುಗಿಸಿ ಗಾಡಿ ಕೊಡುವಾಗ ಅಣ್ಣ ಕೂಡಲೇ ಹತ್ತಿರಲಿಲ್ಲ. ಕ್ಲಚ್ ಲಿವರನ್ನು ಅಮುಕಿ ನೋಡಿ, ಮತ್ತೆ ಅಮುಕಿ, "ಇನ್ನೊಂಚೂರು ಬಿಗಿ ಮಾಡ್ಲಾ. ಮುಟ್ಟಿದ್ರೆ ಸಾಕು ಅನ್ನಂಗಿರ್ಬೇಕು," ಎಂದಿದ್ದ.

"ಆಗಲ್ಲ ಕಣಣ್ಣ." ನಂಜುಂಡೇಶ ಜೇಬಿನಿಂದ ಎರಡು ನಾಣ್ಯ ತೆಗೆದು, ಲಿವರಿನ ಬುಡದ ಸಂದಿಗೆ ಜೋಡಿಸಿ ತೂರಿಸಿ ತೋರಿಸಿದ್ದ. "ಈ ಎರಡು ನಾಣ್ಯದಷ್ಟು ಸಡಿಲ ಇರ್ಲೇಬೇಕು. ಪೂರ್ತಿ ಬಿಗಿದ್ರೆ ನೀನು ಹೊತ್ತಾರಿಂದ ಬೈಗಿನವರ್ಗೂ ಕ್ಲಚ್ ಅರ್ಧ ಹಿಡ್ಕಂಡೇ ಓಡಿಸ್ದಂಗೆ. ಪ್ಲೇಟು ಒಂದಕ್ಕೊಂದು ಕಚ್ಚಲ್ಲ, ಉಜ್ಜಿ ಉಜ್ಜಿ ಉರಿದೋಯ್ತವೆ. ಎಷ್ಟ್ ಸಲ ಹೇಳ್ಲಿ ನಿಂಗೆ?"

"ಆಯ್ತು ಬುಡು, ರೇಗಬೇಡ."

ಅಂದು ಟೀ ಕುಡಿಯುವಾಗ ಅಣ್ಣ ಬಲಗೈಯಲ್ಲಿ ಲೋಟ ಹಿಡಿದು, ಎಡಗೈಯನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದ. ಚಳಿಗೆ ಹಾಗೆ ಮಾಡುತ್ತಿದ್ದಾನೆ ಎಂದುಕೊಂಡಿದ್ದ ನಂಜುಂಡೇಶ.

*

ಕೇಬಲ್ ಏಕೆ ಕಳಚುತ್ತಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಕಳಚಲು ಅದಕ್ಕೆ ಚೂರೂ ಸಡಿಲವಿರಲಿಲ್ಲ. ತಂತಿ ಏಕನಾದದ ತಂತಿಯಂತೆ ಬಿಗಿದುಕೊಂಡಿತ್ತು. ಕ್ಲಚ್ ಜಾರಿದರೆ ಮೊದಲು ಲಿವರ್ ಮುಟ್ಟಿ ನೋಡಬೇಕು ಎಂಬುದು ಗ್ಯಾರೇಜಿನ ಮೊದಲ ಪಾಠ. ತನ್ನ ಕೈಯಾರೆ ಬಿಟ್ಟ ಸಡಿಲ ಅಲ್ಲೇ ಇರುತ್ತದೆಂದು ನಂಬಿ, ನೇರ ಇಂಜಿನ್ನಿಗೇ ಕೈ ಹಾಕಿದ್ದ.

ಬಗ್ಗಿ ಕೇಬಲ್ಲಿನ ನಟ್ಟನ್ನು ನೋಡಿದ. ಅದು ತಿರುಪಿನ ಕೊನೆಯವರೆಗೂ ಬಂದು ನಿಂತಿತ್ತು. ನಟ್ಟಿನ ಮೈಮೇಲೆಲ್ಲ ಇಕ್ಕಳ ಕಚ್ಚಿದ ಹಲ್ಲಿನ ಗುರುತು. ಸ್ಪ್ಯಾನರ್ ಹಿಡಿಯಲು ಬರುವವನ ಕೆಲಸವಲ್ಲ.

"ಯಾವನ್ಲಾ ಅವ್ನು," ಎಂದು ಹಲ್ಲು ಕಡಿದ. ಎದೆಯ ಮೇಲಿನ ಚಪ್ಪಡಿ ಸರಿದಂತೆಯೂ ಆಯಿತು. ನಟ್ಟನ್ನು ಹಿಂದಕ್ಕೆ ತಿರುಗಿಸಿ, ಎರಡು ನಾಣ್ಯ ತೂರುವಷ್ಟು ಸಡಿಲ ಕೊಟ್ಟು, ಗಾಡಿ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಬ್ರೇಕ್ ತುಳಿದು ಲಿವರ್ ಬಿಟ್ಟ. ಇಂಜಿನ್ ಠಪ್ಪೆಂದು ನಿಂತಿತು. ಇನ್ನೊಮ್ಮೆ ನೋಡಿದ. ಮತ್ತೆ ನಿಂತಿತು. ತನ್ನ ಕೆಲಸ ಸರಿಯಿತ್ತು. ಸತ್ತ ಮನೆಯಲ್ಲಿ ನಿಂತು ತನಗೆ ಖುಷಿಯಾಗುತ್ತಿದೆ ಎಂದು ತಿಳಿದು ನಾಚಿಕೆಯಾಯಿತು. ಆದರೂ ಕಾಲುಗಳು ಓಡುವಂತೆ ಹಿತ್ತಿಲ ಬಾಗಿಲ ಕಡೆ ನಡೆದವು.

ಶಿವರುದ್ರಮ್ಮ ಹಿತ್ತಿಲ ಜಗಲಿಯ ಮೇಲೆ ಬಿಲ್ವಪತ್ರೆಯನ್ನು ಎಸಳೆಸಳಾಗಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತಿಗೆ, ಒಂದೇ ಮಾತು. ಅಣ್ಣ ಗಾಡೀನ ಬೇರೆ ಯಾರ ಕೈಗಾದ್ರೂ ಕೊಟ್ಟಿದ್ನಾ? ಯಾರೋ ಆ ಕ್ಲಚ್ ನಟ್ಟು ಮುಟ್ಟವ್ರೆ."

"ಯಾರ್ ಮುಟ್ಟಾರು? ನಾನೇ ಮುಟ್ಟಿದ್ದು." ಅವಳ ದನಿಯಲ್ಲಿ ಮುಚ್ಚುಮರೆ ಇರಲಿಲ್ಲ, ಸಿಟ್ಟಷ್ಟೇ ಇತ್ತು. "ನೀನು ಸಡಿಲ ಬುಟ್ಟು ಕಳಿಸ್ದೆ. ಅವ್ರಿಗೆ ಎಡಗೈ ಬೆರಳು ಸ್ವಾಧೀನವೇ ಇರ್ನಿಲ್ಲ, ಮೂವತ್ತು ವರ್ಷ ಹಸಾ ಒಳೀಕೆ ಕೈ ಹಾಕಿ ಹಾಕಿ ನರ ಸತ್ತೋಗಿತ್ತು. ಲಿವರ್ ಪೂರಾ ಅಮುಕಕ್ಕೆ ಆಯ್ತಿರ್ನಿಲ್ಲ. ಅದ್ಕೆ ಹೊತ್ತಾರೆ ಎದ್ದು ಬೆರಳು ನೀವಿ, ಇಕ್ಕಳ ತಕ್ಕಂಡು ನಾನೇ ಒಂದ್ ಸುತ್ತು ಬಿಗಿ ಮಾಡ್ಕೊಡ್ತಿದ್ದೆ. ಈಗ ಹಗುರಾಯ್ತು ಕಣೇ ಅಂತ ನಗ್ತಾ ಹೋಗೋರು."

"ನಂಗೆ ಯಾಕೆ ಹೇಳ್ನಿಲ್ಲ ಅತ್ತಿಗೆ?"

"ಹೇಳ್ಬ್ಯಾಡ ಅಂದಿದ್ರು. ಗೊತ್ತಾದ್ರೆ ನಂಜುಂಡ ಗಾಡಿ ಕಿತ್ಕತಾನೆ, ಗಾಡಿ ಇಲ್ದೆ ಇದ್ರೆ ಡೈರಿಯೋರು ಮನೇಲಿರು ಅಂತಾರೆ, ಅಂತ." ಪತ್ರೆಯ ಕಡ್ಡಿಯನ್ನು ಎಸೆದು ಮೊದಲ ಸಲ ಅವನ ಮುಖ ನೋಡಿದಳು. "ನಾನು ಅಷ್ಟು ಮಾಡ್ಕೊಟ್ಟಿದ್ಕೆ ಈ ಒಂದ್ ತಿಂಗ್ಳು ಎಲ್ಲೂ ಬೀಳ್ದೆ ಮನೆಗೆ ಬಂದ್ರು. ನಂಗೆ ಉಳ್ಕಂಡಿರೋ ಸಮಾಧಾನ ಅದೊಂದೇ ಕಣಪ್ಪ. ಅದ್ಸರಿ, ಏನಾಗಿತ್ತು ಗಾಡಿಗೆ?"

ನಂಜುಂಡೇಶ ಅವಳು ಎಸೆದ ಕಡ್ಡಿಯನ್ನು ಎತ್ತಿ ಜಗಲಿಯ ಮೇಲಿಟ್ಟ.

"ನೋಡ್ತಾ ಇವ್ನಿ ಅತ್ತಿಗೆ," ಎಂದ.

ಮತ್ತೆ ಗಾಡಿಯ ಬಳಿ ಬಂದು ಕೂತ. ಎದುರಿಗೆ ಚಪ್ಪರದಡಿ ಅಣ್ಣ ಕಣ್ಣು ಮುಚ್ಚಿ ಕೂತಿದ್ದ. ನಾಣ್ಯ ತೂರಿಸಿ ತೋರಿಸಿದ್ದೆನಲ್ಲೋ, ಕೈ ಬರುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಬೇರೆ ಲಿವರ್ ಹಾಕಿಕೊಡುತ್ತಿದ್ದೆನಲ್ಲೋ, ಹಾಳಾದವನೇ ಎಂದು ಎದ್ದು ಹೋಗಿ ಆ ಭುಜ ಹಿಡಿದು ಅಲುಗಿಸಬೇಕೆನಿಸಿತು. ಯಾರೋ ನಟ್ಟು ಬಿಗಿದಿದ್ದರು ಎಂದಷ್ಟೇ ಹೇಳಿ ತಾನು ಪಾರಾಗಬಹುದು. ಆದರೆ ಯಾರು ಎಂದು ವಿರೂಪಾಕ್ಷ ಕೇಳದೆ ಬಿಡುವವನಲ್ಲ. ನಾನೇ ಎಂದು ಅತ್ತಿಗೆ ಹೇಳದೆ ಇರುವವಳಲ್ಲ. ಆಮೇಲೆ ಅವಳು ಇನ್ನೆಷ್ಟು ವರ್ಷ ಬದುಕಿರುತ್ತಾಳೋ, ಅಷ್ಟು ವರ್ಷದ ಬೆಳಗುಗಳಲ್ಲೂ ಆ ಇಕ್ಕಳ ಅವಳ ಕಣ್ಣ ಮುಂದಿರುತ್ತದೆ.

"ಏನ್ ಸಾಹೇಬ್ರೇ, ಮುಗೀತಾ?" ವಿರೂಪಾಕ್ಷ ಚಪ್ಪರದಿಂದ ಕೂಗಿದ. "ಐನೋರು ಬಂದ್ರು."

"ಎರಡು ನಿಮಿಷ," ಎಂದ ನಂಜುಂಡೇಶ. ಜನರಿಗೆ ಬೆನ್ನು ಮಾಡಿ, ಸ್ಪ್ಯಾನರನ್ನು ಕೆಳಗಿಟ್ಟು, ಬೆರಳಲ್ಲೇ ನಟ್ಟು ತಿರುಗಿಸತೊಡಗಿದ. ಹಿಂದಕ್ಕಲ್ಲ, ಮುಂದಕ್ಕೆ. ಸುತ್ತಿನ ಮೇಲೆ ಸುತ್ತು, ಮೊದಲಿದ್ದ ಜಾಗಕ್ಕೇ. ತಂತಿ ಬಿಗಿಯಿತು.

ವಿರೂಪಾಕ್ಷ ಬಂದು ಗಾಡಿ ಹತ್ತಿದ. ಬಿದಿರು ಕಟ್ಟುವವರೂ ಕೈ ನಿಲ್ಲಿಸಿ ಬಂದರು. ಲಿವರ್ ಹಿಡಿದು ಗೇರಿಗೆ ಹಾಕಿ, ಬ್ರೇಕ್ ತುಳಿದು ಬಿಟ್ಟ. ಇಂಜಿನ್ ನಿಲ್ಲಲಿಲ್ಲ. ಅವನು ಆಕ್ಸಿಲರೇಟರ್ ತಿರುವಿದಷ್ಟೂ ಅರಚಿತು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಅವನು ಬಹಳ ಹೊತ್ತು ಅರಚಿಸಿದ.

"ಕೇಳಿಸ್ತಾ?" ಎಂದ, ಗಾಡಿ ಆರಿಸಿ.

"ಪ್ಲೇಟು ಸರ್ಯಾಗಿ ಕೂತಿರ್ನಿಲ್ಲ," ಎಂದ ನಂಜುಂಡೇಶ. "ನಂದೇ ತಪ್ಪು."

ರಾಚಮ್ಮ ತಲೆ ತಗ್ಗಿಸಿಕೊಂಡಳು. ಬಾಗಿಲಲ್ಲಿ ಪತ್ರೆಯ ಮೊರ ಹಿಡಿದು ನಿಂತಿದ್ದ ಶಿವರುದ್ರಮ್ಮ ಒಳಕ್ಕೆ ಹೋದಳು.

ಐನೋರ ಪೂಜೆ ಮುಗಿದ ಮೇಲೆ ನಾಲ್ವರು ವಿಮಾನ ಎತ್ತಿದರು. ಹಿಂದಿನ ಎಡಗಡೆ, ತಮ್ಮ ನಿಲ್ಲಬೇಕಿದ್ದ ಜಾಗದಲ್ಲಿ ವಿರೂಪಾಕ್ಷ ನಿಂತ. ಅವನು ಉಳಿದ ಮೂವರಿಗಿಂತ ಗಿಡ್ಡ. ಊರಾಚೆಯ ದಿಬ್ಬ ಹತ್ತುವಾಗ ವಿಮಾನ ಆ ಮೂಲೆಗೆ ಜಗ್ಗಿತು. ಒಳಗೆ ಕೂತಿದ್ದ ಗುರುಮಲ್ಲಪ್ಪ ಎಡಕ್ಕೆ ವಾಲಿದ. "ಎತ್ರೋ, ಇನ್ನೊಂಚೂರು ಎತ್ರೋ," ಎಂದು ಯಾರೋ ಕೂಗಿದರು. ಹಿಂದೆ ಬರುತ್ತಿದ್ದ ನಂಜುಂಡೇಶ ಎರಡು ಹೆಜ್ಜೆ ಮುಂದೆ ಸರಿದು, ಎಣ್ಣೆ ಮೆತ್ತಿದ ಎರಡೂ ಅಂಗೈಗಳನ್ನು ಆ ಬಿದಿರಿನ ಕೆಳಗೆ ಒಂದು ಗೇಣು ದೂರದಲ್ಲಿ ಚಾಚಿ ಹಿಡಿದು, ಅದನ್ನು ಮುಟ್ಟದೆ, ದಿಬ್ಬ ಮುಗಿಯುವವರೆಗೂ ಹಾಗೆಯೇ ನಡೆದ.