ಫೋಟೋ ಬಿತ್ತಂದ್ರ ಹಾಜರಿ

"ನನ್ನ ಮಾರಿ ಫೋಟೋ ಡೆಲ್ಲ್ಯಾಗ ಎಷ್ಟು ದೊಡ್ಡದು ಹಾಕ್ಯಾರಂದ್ರ, ಅದರ ನೆಳ್ಳಾಗ ಬಸ್ಸು ನಿಲ್ಲಸ್ತಾರ. ಮೂಗಿನ ಹೊಳ್ಳ್ಯಾಗ ಪಾರಿವಾಳ ಮರಿ ಮಾಡ್ಯಾವು!"

ಶಹಾಪುರ ಬಸ್‌ಸ್ಟ್ಯಾಂಡಿನ ಎದುರಿನ ಕೂಲಿ ಅಡ್ಡಾದಲ್ಲಿ ಗಾರೆ ಕೆಲಸದ ಗೌಂಡಿ ದ್ಯಾವಪ್ಪ ಹೀಗೆ ಬಡಾಯಿ ಬಿಟ್ಟಾಗ ಯಾರೂ ನಗಲಿಲ್ಲ. ನಗಲಿಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕಲ್ಲ! ಪೇಟೆಗೆ ಪೇಟೆಯೇ ಮಲಗಿತ್ತು, ಮನೆ ಕಟ್ಟಿಸುವವರಿಲ್ಲ. ಸಿಮೆಂಟ್ ಅಂಗಡಿಯವನು ನೊಣ ಹೊಡೆದು ಹೊಡೆದು ಊರಿನಲ್ಲಿ ನೊಣಗಳಿಗೇ ಬರ ಬಿದ್ದಿತ್ತು. ದ್ಯಾವಪ್ಪನ ಹೊಟ್ಟೆ ಗುಡುಗಿದರೆ ಮಳೆ ಬಂತೆಂದು ಮಂದಿ ಒಣಹಾಕಿದ ಮೆಣಸಿನಕಾಯಿ ಒಳಗೆ ಸಾಗಿಸುತ್ತಿದ್ದರು.

"ಇವತ್ತು ಕೆಲಸ ಪಕ್ಕಾ. ಬೆಂಗ್ಳೂರಿನ ಫೋಟೋ ಸಾಹೇಬ್ರು ನಿನ್ನಿ ನನ್ನ ಹೆಗಲ ಮ್ಯಾಲ ಕೈ ಹಾಕಿ ಮಾತು ಕೊಟ್ಟಾರ. ಫೋಟೋ ಬಿತ್ತಂದ್ರ ಹಾಜರಿ ಬಿತ್ತು."

ದ್ಯಾವಪ್ಪನ ಈ ಮಾತಿಗೆ ಎಲ್ಲರೂ ಎದ್ದರು. ಸರ್ಕಾರದ ಉದ್ಯೋಗ ಖಾತ್ರಿ ಕೆಲಸದಲ್ಲಿ ಅವರು ಕಂಡದ್ದೂ ಅದನ್ನೇ: ಮೊಬೈಲಿನಲ್ಲಿ ಫೋಟೋ ಬಿದ್ದರೆ ಕೂಲಿ, ಬೀಳದಿದ್ದರೆ ಗುಡ್ಡ ಹೊತ್ತರೂ ಹೊತ್ತಂತಲ್ಲ. ಇವತ್ತೂ ಬರಿಗೈಲಿ ಹೋದರೆ ಮನೆಯ ಒಲೆ ಹೊತ್ತುವಂತಿಲ್ಲದ, ದೇವಾಪುರದ ದುರಗಮ್ಮ ಖಾಲಿ ಬುಟ್ಟಿ ಕಂಕುಳಿಗೇರಿಸಿ ಎಲ್ಲರಿಗಿಂತ ಮುಂದೆ ನಿಂತಳು. ಕ್ಯಾಮೆರಾ ಹಿಡಿದು ಬಂದ ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ನಗಬೇಡಿ. ಕಷ್ಟಕಾಲದ ಪೇಟೆ ಬಗ್ಗೆ ಪುಸ್ತಕ ಇದು," ಎಂದರು ಸಾಹೇಬರು. "ನೀವು, ಅಂಗಿ ತೆಗೀರಿ. ಎಲುಬು ಕಾಣಲಿ."

ದ್ಯಾವಪ್ಪ ಪದಕ ಹಾಕಿಸಿಕೊಳ್ಳುವವನ ಹಾಗೆ ಅಂಗಿ ಬಿಚ್ಚಿದ.

ಅಷ್ಟರಲ್ಲಿ ಗುತ್ತೇದಾರ ಬಸವಂತ್ರಾಯನ ಟಂಟಂ ಆಟೋ ಬಂದು ನಿಂತಿತು. "ಏ, ಸ್ಲ್ಯಾಬ್ ಹಾಕೋದೈತಿ. ಐದು ಮಂದಿ ಗಾಡಿ ಹತ್ರಲೇ!"

ದುರಗಮ್ಮನ ಕಾಲು ತಾನಾಗಿ ಎದ್ದಿತು. ದ್ಯಾವಪ್ಪ ಅಡ್ಡ ಬಂದ. "ನಿಂದರ ಯವ್ವಾ! ಅಲುಗಿದ್ರ ಹಾಜರಿ ಅಳಿಸಿ ಹೋಗತೈತಿ." ಆಮೇಲೆ ಬಸವಂತ್ರಾಯನ ಕಡೆ ತಿರುಗಿ ಎದೆಗೂಡು ಉಬ್ಬಿಸಿದ: "ಹೋಗ್ರಿ, ನಮ್ದು ಹಾಜರಿ ಬಿದ್ದೈತಿ!"

"ಕುಡಿಯಾಕ ಗಂಜಿ ಇಲ್ಲ, ಸೂಳೆಮಗನ ಸೊಕ್ಕು ನೋಡು. ಕೇರಿ ನಾಯಿಗೊಳಿಗೆ ಫೋಟೋ ಬ್ಯಾರೆ!" ಬಸವಂತ್ರಾಯ ಉಗುಳಿ, ರಸ್ತೆಯಾಚೆ ಕುಳಿತವರನ್ನು ತುಂಬಿಕೊಂಡು ಹೋದ.

ಆ ಉಗುಳೂ ಸಾಹೇಬರ ಫೋಟೋದಲ್ಲಿ ಚೆನ್ನಾಗಿ ಸಿಕ್ಕಿತು. ಕ್ಯಾಮೆರಾ ಚೀಲಕ್ಕಿಳಿಸಿದರು.

"ಹಾಜರಿ ಬಿತ್ತಲ್ರಿ ಸಾಹೇಬ್ರ," ದುರಗಮ್ಮ ಕೇಳಿದಳು. "ಕೆಲಸ ಎಲ್ಲೈತ್ರಿ?"

"ಯಾವ ಹಾಜರಿ?"

ಟಂಟಂನ ಧೂಳು ಇನ್ನೂ ಇಳಿದಿರಲಿಲ್ಲ. ಎಲ್ಲರೂ ದ್ಯಾವಪ್ಪನ ಕಡೆ ತಿರುಗಿದರು. ಮಾತಿನಲ್ಲೇ ಸುರಪುರದ ಕೋಟೆ ಎತ್ತಿ ಒಗೆಯುವವನ ಮುಖ ಜೋತುಬಿತ್ತು.

"ಆಹಾ, ಇದೇ ಮುಖ! ಹಾಗೇ ಇರಿ!" ಸಾಹೇಬರ ಕ್ಯಾಮೆರಾ ಮತ್ತೆ ಹೊರಬಂತು.

ದುರಗಮ್ಮ ತನ್ನ ಬುಟ್ಟಿಯನ್ನು ದ್ಯಾವಪ್ಪನ ತಲೆಯ ಮೇಲೆ, ಮುಖ ಪೂರ್ತಿ ಮುಚ್ಚುವಂತೆ ಕವುಚಿ ಹಾಕಿದಳು. "ಈಗ ಹೊಡ್ಕೋರಿ ಫೋಟೋ," ಎಂದವಳು ಬುಟ್ಟಿಗೆ ಗುದ್ದಿದಳು. "ಬೊಗಳು ದ್ಯಾವ್ಯಾ. ಏನಂದಿದ್ದ ನಿನ್ನ ಸಾಹೇಬ?"

ಬುಟ್ಟಿಯೊಳಗಿಂದ ಸಣ್ಣ ದನಿ ಬಂತು:

"ಮಂದೀನ ಕರಕೊಂಡು ಬಾ ಅಂದಿದ್ರು, ಅಷ್ಟ. ಹಾಜರಿ ಮಾತು ನಾನ ಹಚ್ಚಿದ್ದು ಯವ್ವಾ. ಡೆಲ್ಲಿ ಫೋಟೋನೂ ಸುಳ್ಳು. ನಂದಂತ ಇರೋದು ಆಧಾರ್ ಕಾರ್ಡಿನ್ಯಾಗಿಂದು ಒಂದ. ಅದರಾಗೂ ಮಾರಿ ಕಾಣಂಗಿಲ್ಲ."